ಕಿವಿಯೊಳಗಿನ ಕಿವಿ

"ಕಳ್ಳ!"

ಭಾನುವಾರದ ತ್ಲಾಕೊಲುಲಾ ಸಂತೆಯಲ್ಲಿ ಆ ಕೂಗಿಗೆ ಹತ್ತಾರು ಜನ ತಿರುಗಿ ನೋಡಿದರು. ಕೋಳಿ ಮಾರುತ್ತಿದ್ದವಳಂತೂ ತನಗೇ ಅಂದರೇನೋ ಅಂತ ತಕ್ಕಡಿ ಕೆಳಗಿಟ್ಟುಬಿಟ್ಟಳು.

ಒತೀಲಿಯಾಳ ಕಣ್ಣು ಮಾತ್ರ ಒಬ್ಬನ ಮೇಲೇ ನೆಟ್ಟಿತ್ತು. ನೆಲದ ಮೇಲೆ ಚಾಪೆ ಹಾಸಿ, ಕೊಪಾಲ್ ಮರದ ನಾಲ್ಕೈದು ಬೊಂಬೆ ಇಟ್ಟುಕೊಂಡು ಕೂತಿದ್ದ ಗುಡ್ಡದ ಕಡೆಯ ಯುವಕ. ಅವನ ಚಾಪೆಯಿಂದ ಅವಳು ಎತ್ತಿಕೊಂಡಿದ್ದ ಬೊಂಬೆ ಅವಳ ಕೈಯಲ್ಲೇ ಇತ್ತು.

"ಏನಂದ್ರಿ?" ಅಂದ ಅವನು, ನಿಧಾನಕ್ಕೆ ಎದ್ದು ನಿಂತು.

"ಕಳ್ಳ ಅಂದೆ! ಇದು ನಮ್ಮನೆ ಲೂಚಿ. ನಮ್ಮಪ್ಪನ ಲೂಚಿ!"

"ಅಲ್ಲ. ನಾನು ಕೆತ್ತಿದ್ದು."

"ಎಲ್ಲಿ ಕಲಿತೆ?"

ಅವನು ಅವಳ ಕೈಯಲ್ಲಿದ್ದ ಬೊಂಬೆಯತ್ತ ನೋಡಿದ.

"ಅದನ್ನ ಹೇಳೋ ಹಾಗಿಲ್ಲ."

ನೀವೇ ಹೇಳಿ, ಇಂಥ ಉತ್ತರ ಕೇಳಿದರೆ ಯಾರಿಗೆ ತಾನೇ ಅನುಮಾನ ಬರೋದಿಲ್ಲ?

ನಮ್ಮ ಸಾನ್ ಇಲಾರಿಯೊದಲ್ಲಿ ಕೆತ್ತನೆಯ ಪ್ರತಿ ಮನೆಗೂ ಅದರದ್ದೇ ಆದ ಒಂದು ಪ್ರಾಣಿ ಉಂಟು. ದೇವರು ಸೃಷ್ಟಿಸಿದ್ದಲ್ಲ, ನಮ್ಮ ತಾತಂದಿರು ಸೃಷ್ಟಿಸಿದ್ದು. ದೋನ್ ಬಸೀಲಿಯೊ ಮನೆಯದು ಜಿಂಕೆಕೊಂಬಿನ ಕಪ್ಪೆ. ಒತೀಲಿಯಾ ಮನೆಯದು ಲೂಚಿ. ತೋಳದ ಮೈ, ಪತಂಗದ ರೆಕ್ಕೆ, ಉಡದ ಬಾಲ.

ಇನ್ನು ಪ್ರತಿ ತಳಿಗೂ ಒಂದು ಅಪರೂಪದ ಲಕ್ಷಣ. ನೂರರಲ್ಲಿ ಒಂದಕ್ಕೆ ಬಂದರೆ ಹೆಚ್ಚು. ಬಸೀಲಿಯೊನ ಕಪ್ಪೆಗೆ ಎಲ್ಲೋ ಒಮ್ಮೆ ಕೊಂಬಿನ ತುದಿಯಲ್ಲಿ ಹಲ್ಲು ಹುಟ್ಟುತ್ತದೆ. ಲೂಚಿಗೆ ಕಿವಿಯೊಳಗೊಂದು ಪುಟ್ಟ ಕಿವಿ. ಅಂಟಿಸಿದ್ದಲ್ಲ, ಅದೇ ಮರದಲ್ಲಿ ಬಿಡಿಸಿದ್ದು. ಅಷ್ಟು ಒಳಕ್ಕೆ ಚಾಕು ಹೋಗುವುದಾದರೂ ಹೇಗೆ ಅಂತ ಊರಿಗೆ ಊರೇ ತಲೆ ಕೆಡಿಸಿಕೊಂಡಿತ್ತು.

ಅದು ಗೊತ್ತಿದ್ದದ್ದು ಒತೀಲಿಯಾಳ ಅಪ್ಪ ಕ್ರಿಸೋಫೊರೊಗೆ ಮಾತ್ರ. ಅವನು ತೀರಿಹೋಗಿ ನಾಲ್ಕು ವರ್ಷ ದಾಟಿತ್ತು.

ತೀರಿಹೋದ ವಾರವೇ ಅವನು ಮಗಳಿಗೆ ಹೇಳಿದ್ದ, "ಕಿವಿಯ ಲೂಚಿ ಒಂದು ಮುಗೀತಾ ಬಂದಿದೆ ಕಣೇ, ಬಣ್ಣ ಕಲಸಿಟ್ಟುಕೋ." ಅವನು ಹೋದ ಮೇಲೆ ಮನೆಯೆಲ್ಲ ಜಾಲಾಡಿದರೂ ಆ ಲೂಚಿ ಸಿಗಲೇ ಇಲ್ಲ.

ಈಗ ಅದು ಇಲ್ಲಿದೆ... ಈ ಅಪರಿಚಿತನ ಚಾಪೆಯ ಮೇಲೆ!

ಒತೀಲಿಯಾ ಬೆರಳ ತುದಿಯಿಂದ ಆ ಕಿವಿ ಸವರಿದಳು. ಮೂರು ಗಿಡ್ಡ ಗೀರು, ಆಮೇಲೆ ಮೇಲೆದ್ದ ಒಂದು ಉದ್ದ ಗೀರು. ವರ್ಷಗಟ್ಟಲೆ ಬಣ್ಣ ಹಚ್ಚಿದ ಬೆರಳು ಸುಳ್ಳು ಹೇಳುತ್ತದೆಯೇ? ಇದು ಅಪ್ಪನ ಕೈಯೇ. ಮೇಲೆ ನೋಡಿದರೆ ಬಣ್ಣ ಗೋಡೆಗೆ ಸುಣ್ಣ ಬಳಿದ ಹಾಗೆ ದಪ್ಪಕ್ಕೆ ಮೆತ್ತಿತ್ತು.

'ಕದ್ದ ಮಾಲು. ಗುರುತು ಸಿಗಬಾರದು ಅಂತ ಬಣ್ಣ ಬಳಿದಿದ್ದಾನೆ...'

ಅಷ್ಟರಲ್ಲಿ ಅವನು ಮೆಲ್ಲಗೆ ಬೊಂಬೆಯನ್ನು ವಾಪಸ್ಸು ತೆಗೆದುಕೊಂಡ. ಜಗ್ಗಾಡಲಿಲ್ಲ, ಬೈಯಲಿಲ್ಲ. ಅವಳ ಮುಖವನ್ನೇ ಒಂದು ಕ್ಷಣ ನೋಡಿದ. ಆ ನೋಟ ಅವಳಿಗೆ ಸರಿ ಬರಲಿಲ್ಲ. ಮೊದಲ ಸಲ ಕಂಡವರನ್ನು ಯಾರೂ ಹಾಗೆ ನೋಡುವುದಿಲ್ಲ.

ಮರುದಿನ ಬೆಳಿಗ್ಗೆ ಅಂಗಳಕ್ಕೆ ಬಂದ ಒತೀಲಿಯಾ ಅಲ್ಲೇ ಕಲ್ಲಾಗಿ ನಿಂತಳು. ಅವನು! ಸೋದರತ್ತೆ ಪೆತ್ರಾ ಅವನ ಮುಂದೆ ಬಿಸಿ ಚಾಕೊಲೇಟಿನ ಬಟ್ಟಲು ಇಟ್ಟು ಹರಟುತ್ತಿದ್ದಳು. ಕಾಗದ ತರುವವನ ಪ್ಯಾಂಟು ಮೂರು ಸಲ ಹರಿದಿದ್ದ ನಾಯಿ ಚಾತೊ ಅವನ ಕಾಲ ಮೇಲೆ ತಲೆಯಿಟ್ಟು ಮಲಗಿತ್ತು.

"ಅತ್ತೆ! ಇವನು ಯಾರು ಗೊತ್ತಾ ನಿಂಗೆ?"

"ಗೊತ್ತಮ್ಮ. ಫಿದೆನ್ಸಿಯೊ ಅಂತೆ. ಗುಡ್ಡದ ಮೇಲಿನ ಲಾ ಪೀಲಾದವನು. ನಿನ್ನೆ ಸಂತೇಲಿ ನೀನು ಮಾನ ಕಳೆದೆಯಂತಲ್ಲ, ಅವನೇ."

"ಇಲ್ಲಿಗ್ಯಾಕೆ ಬಂದ?"

ಉತ್ತರ ಅವನೇ ಕೊಟ್ಟ. "ಹುಟ್ಟು ತೋರಿಸೋ ದಿನಕ್ಕೆ ಮೂರೇ ವಾರ ಇದೆ. ನಿಮ್ಮನೇಲಿ ಕೆತ್ತೋರು ಯಾರಿದ್ರೂ ಹೇಳಿ... ಕಿವಿ ಕೆತ್ತೋದು ಹೇಗೆ ಅಂತ ಹೇಳಿಕೊಡ್ತೀನಿ."

ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು.

ವರ್ಷಕ್ಕೊಮ್ಮೆ ಪಂಚಾಯತಿ ಜಗುಲಿಯಲ್ಲಿ ಪ್ರತಿ ಮನೆಯವರೂ ತಮ್ಮ ತಳಿಯ ಹೊಸ ಹುಟ್ಟನ್ನು ತಂದು ತೋರಿಸಬೇಕು. ಆ ಮನೆಯವರ ಕೈಯಲ್ಲೇ ಕೆತ್ತಿದ್ದಿರಬೇಕು. ಐದು ವರ್ಷ ಸತತವಾಗಿ ಅಪರೂಪದ ಲಕ್ಷಣ ಕಾಣಿಸದೇ ಹೋದರೆ ಆ ತಳಿ ಮನೆಯ ಕೈ ಬಿಟ್ಟ ಹಾಗೆ. ಆಮೇಲೆ ಯಾರು ಬೇಕಾದರೂ ಕೆತ್ತಬಹುದು. ಒತೀಲಿಯಾಳ ಮನೆಗೆ ಇದು ಐದನೆಯ ವರ್ಷ.

ನಮ್ಮಲ್ಲಿ ಕೆತ್ತುವುದು ಗಂಡಸರು, ಬಣ್ಣ ಹಚ್ಚುವುದು ಹೆಂಗಸರು. ಆದರೂ ಅವಳು ಬಾಗಿಲು ಹಾಕಿಕೊಂಡು ಕದ್ದುಮುಚ್ಚಿ ಚಾಕು ಹಿಡಿದಿದ್ದಳು. ಎಂಟು ಲೂಚಿಗಳು ಕಿವಿ ಸೀಳಿ ಒಲೆ ಸೇರಿದ್ದವು.

"ನಮ್ಮನೆ ಲಕ್ಷಣ ನಮಗೇ ಹೇಳಿಕೊಡೋಕೆ ಬಂದ್ಯಾ? ನಿನ್ನ ಪಾಠ ಯಾರಿಗೆ ಬೇಕು?"

"ಸರಿ. ಹಾಗಾದ್ರೆ ಸಣ್ಣಪುಟ್ಟ ಕೆತ್ತನೆ ಇದ್ರೆ ಕೊಡಿ. ಮನಸ್ಸು ಬದಲಾದ್ರೆ ಹೇಳಿ."

"ಇರಲಿ ಬಿಡೇ," ಅಂದಳು ಪೆತ್ರಾ ಅತ್ತೆ. "ಮೊಲಗಳ ಆರ್ಡರು ಹಾಗೇ ಬಿದ್ದಿದೆ. ಊಟ ಹಾಕಿದ್ರೆ ಕೆತ್ತುತ್ತಾನಂತೆ."

ಹೀಗೆ ಅವನು ಮಾವಿನ ಮರದ ಕೆಳಗೆ ಕೂತ. ಅವಳು ಕಿಟಕಿಯಲ್ಲಿ ಕೂತಳು. ಕುಂಚ ಕೈಯಲ್ಲಿ, ಕಣ್ಣು ಅವನ ಮೇಲೆ.

'ಬಾವಿ ಹಗ್ಗ ಎಲ್ಲಿ ನೇತಾಡ್ತಿರುತ್ತೆ ಅಂತ ಇವನಿಗೆ ಹೇಗೆ ಗೊತ್ತು? ಅಪ್ಪ ಚಾತೊನ ಕರೀತಿದ್ದ ಸಿಳ್ಳೆ ಇವನು ಹಾಕ್ತಾನಲ್ಲ... ಹೇಗೆ?'

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು. "ನೀನು ನಮ್ಮನೆಗೆ ಮೊದಲೇ ಬಂದಿದ್ಯಾ?"

"ಇಲ್ಲ. ಯಾವತ್ತೂ ಇಲ್ಲ."

"ಮತ್ತೆ ಹಗ್ಗ? ಸಿಳ್ಳೆ?"

"ಕೇಳಬೇಡಿ. ಸುಳ್ಳು ಹೇಳೋಕೆ ನಂಗಿಷ್ಟ ಇಲ್ಲ, ನಿಜ ಹೇಳೋ ಹಾಗಿಲ್ಲ."

ಅಬ್ಬಾ, ಎಂಥ ನಾಟಕಕಾರ! ಅಂದುಕೊಂಡಳು ಅವಳು. ಆದರೆ ಅವನು ತಲೆ ತಗ್ಗಿಸಿ ಕೆತ್ತುವಾಗ ಕತ್ತಿನ ಮೇಲೆ ಬೀಳುವ ಬಿಸಿಲು, ಅತ್ತೆಯ ಚಟ್ನಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ "ಚೆನ್ನಾಗಿದೆ ಅಮ್ಮ" ಅನ್ನುವ ಪರಿ... ಇವೆಲ್ಲ ಅವಳ ಅನುಮಾನಕ್ಕೆ ಅಡ್ಡಿ ಮಾಡತೊಡಗಿದವು. ಎರಡನೆಯ ವಾರದಲ್ಲಿ ಅವಳು ಕಿಟಕಿಯಲ್ಲಿ ಕೂರುತ್ತಿದ್ದದ್ದು ಕಾವಲು ಕಾಯುವುದಕ್ಕಲ್ಲ. ಅದು ಅವಳಿಗೂ ಗೊತ್ತಿತ್ತು, ಒಪ್ಪಿಕೊಳ್ಳುವುದಕ್ಕೆ ತಯಾರಿರಲಿಲ್ಲ ಅಷ್ಟೇ.

ಒಂದು ಮಧ್ಯಾಹ್ನ ಅವನು ಕೆತ್ತಿಕೊಟ್ಟ ಮೊಲಕ್ಕೆ ಅವಳು ಬಣ್ಣ ಹಚ್ಚಿ ಒಣಗಲು ಇಟ್ಟಿದ್ದಳು. ಅವನು ಅದನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ.

"ಏನಾಯ್ತು? ತಪ್ಪು ಹುಡುಕ್ತಿದ್ದೀಯಾ?"

"ಇಲ್ಲ..." ಅವನು ಮೊಲದ ಬೆನ್ನು ತೋರಿಸಿದ. "ನಿಮ್ಮ ಚುಕ್ಕಿಗಳು... ನಾನು ಚಾಕು ಬಿಟ್ಟ ಕಡೆಯಿಂದಲೇ ಶುರುವಾಗ್ತವೆ."

ಅವತ್ತು ಅವಳು ಮೊದಲ ಬಾರಿಗೆ ಅವನ ಬಟ್ಟಲಿಗೆ ತಾನೇ ತಣ್ಣನೆಯ ತೆಹಾತೆ ಪಾನಕ ಬಗ್ಗಿಸಿಕೊಟ್ಟಳು. ನಾಳೆ ಕಿವಿಯ ವಿಷಯ ಕೇಳೇಬಿಡೋಣ ಅಂತಲೂ ನಿರ್ಧರಿಸಿದಳು.

ಆ ನಾಳೆ ಬಂದದ್ದು ಬೇರೆಯೇ ಥರ.

ಬೆಳಿಗ್ಗೆ ಜೋಳ ಬೀಸಿಸಿಕೊಂಡು ಬರುವಾಗ ದೋನ್ ಬಸೀಲಿಯೊ ಮನೆಯಿಂದ ಫಿದೆನ್ಸಿಯೊ ಹೊರಗೆ ಬರುವುದನ್ನು ಅವಳು ಕಂಡಳು. ಬಸೀಲಿಯೊ ಅವನ ಹೆಗಲ ಮೇಲೆ ಕೈ ಹಾಕಿ ಬಾಗಿಲವರೆಗೂ ಕಳಿಸಿಕೊಟ್ಟ. "ಯೋಚನೆ ಮಾಡು ಮಗಾ! ಲೂಚಿ ಇನ್ನೆಷ್ಟು ದಿನ ಆ ಹೆಣ್ಣಿನ ಮನೇಲಿರುತ್ತೆ?" ಅಂದದ್ದು ಅವಳ ಕಿವಿಗೇ ಬಿತ್ತು.

ಲೂಚಿಯನ್ನು ತನ್ನ ಮನೆಗೆ ಎಳೆದುಕೊಳ್ಳಬೇಕೆಂದು ಹತ್ತು ವರ್ಷದಿಂದ ಹೊಂಚು ಹಾಕುತ್ತಿದ್ದವನು ಈ ಬಸೀಲಿಯೊ!

'ಓಹೋ... ಇದಾ ವಿಷಯ! ಚುಕ್ಕಿ ಅಂತೆ, ಚುಕ್ಕಿ! ನಾನೆಂಥ ಪೆದ್ದಿ!'

ಅವಳು ಮನೆಗೆ ಹೋಗಲಿಲ್ಲ. ಹಿಟ್ಟಿನ ಬೋಗುಣಿ ಹೊತ್ತುಕೊಂಡೇ ನೇರ ಪಂಚಾಯತಿಗೆ ನಡೆದಳು.

ಆ ಸಂಜೆಯೇ ಹಿರಿಯರು ಸೇರಿದರು. ನಡುವೆ ಎಂಬತ್ತು ದಾಟಿದ ದೋನ್ಯಾ ಹಸಿಂತಾ. ಅವಳು ಮುಟ್ಟಿ ಹೇಳಿದ ಮೇಲೆ ಮರ ಯಾವ ತಿಂಗಳು ಕಡಿದದ್ದು ಅಂತ ಬೇರೆಯವರನ್ನು ಕೇಳಬೇಕಿಲ್ಲ. ಮುಂದೆ ಮೇಜಿನ ಮೇಲೆ ಫಿದೆನ್ಸಿಯೊನ ಲೂಚಿ. ಒಂದು ಕಡೆ ಅವನು, ಇನ್ನೊಂದು ಕಡೆ ಒತೀಲಿಯಾ. ಕಿಟಕಿ ತುಂಬ ಜನ.

"ಇದು ನಮ್ಮಪ್ಪನ ಕೊನೇ ಲೂಚಿ. ಇವನು ಕದ್ದು, ಮೇಲೆ ಬಣ್ಣ ಬಳಿದು, ದೋನ್ ಬಸೀಲಿಯೊಗೆ ಕೊಡೋಕೆ ಹೊರಟಿದ್ದಾನೆ. ಬಣ್ಣ ಹೆರೆದು ನೋಡಿ. ಒಳಗೆ ನಾಲ್ಕು ವರ್ಷ ಒಣಗಿದ ಹಳದಿ ಮರ ಇರುತ್ತೆ!"

"ನೀನು ಏನಂತೀಯೋ?" ಅಂದಳು ಹಸಿಂತಾ.

"ಹೆರೀಲಿ," ಅಂದ ಫಿದೆನ್ಸಿಯೊ.

ಚಾಕು ಹಿಡಿದವಳು ಒತೀಲಿಯಾಳೇ. ಕಿವಿಯ ಹಿಂದೆ ಒಂದು ಗೀರು ಎಳೆದಳು. ಬಣ್ಣ ತೊಗಲಿನ ಹಾಗೆ ಸುಲಿದು ಬಂತು. ಒಳಗೆ... ಬೆಳ್ಳಗೆ, ಒದ್ದೊದ್ದೆ ಮರ! ಹಸಿ ಕೊಪಾಲಿನ ಘಮ ಕೋಣೆ ತುಂಬ ಹರಡಿತು.

ಹಸಿಂತಾ ಬೆರಳು ಒತ್ತಿ, ಮೂಸಿ, ಜೋರಾಗಿ ನಕ್ಕಳು. "ನಾಲ್ಕು ವರ್ಷ ಅಂತೆ! ಕಡಿದು ಎರಡು ತಿಂಗಳಾಗಿಲ್ಲ. ಒಣಗದ ಮರಕ್ಕೆ ಬಣ್ಣ ಮೆತ್ತಿದ್ದಾನೆ ಪೆದ್ದಪ್ಪ. ಕೆತ್ತನೆ ಇವನದೇ ಕಣಮ್ಮ."

ಕಿಟಕಿಯಲ್ಲಿದ್ದವರೆಲ್ಲ ನಕ್ಕರು. ಒತೀಲಿಯಾಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಬಸೀಲಿಯೊ ಎದ್ದು ನಿಂತ. "ನೋಡಿದ್ರಾ! ಈ ಹುಡುಗನ್ನ ನಮ್ಮನೆಗೆ ಸೇರಿಕೋ ಅಂತ ಎರಡು ಸಲ ಕರೆಸಿ ಹೇಳಿದೆ, ಎರಡು ಸಲಾನೂ ಒಲ್ಲೆ ಅಂದ. ಈಗಲಾದ್ರೂ ಬುದ್ಧಿ ಬಂತೇನೋ? ಕಳ್ಳ ಅಂದೋರ ಮನೆಗೆ ಇನ್ನೂ ನಿಯತ್ತಾ?"

'ಒಲ್ಲೆ ಅಂದ್ನಾ? ಎರಡು ಸಲಾನೂ?...'

"ಈಗಲೂ ಒಲ್ಲೆ," ಅಂದ ಫಿದೆನ್ಸಿಯೊ. "ಲೂಚಿ ದೋನ್ ಕ್ರಿಸೋಫೊರೊ ಮನೇದು."

"ಹಾಗಾದ್ರೆ ಈ ಕಿವಿ ನಿಂಗೆ ಕಲಿಸಿದ್ದು ಯಾರು?" ಕೇಳಿದಳು ಹಸಿಂತಾ.

ಅವನು ಒತೀಲಿಯಾಳತ್ತ ನೋಡಿದ. ಆ ಕಣ್ಣಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು! ತನ್ನ ಬೊಂಬೆಯನ್ನು ಅಲ್ಲೇ ಬಿಟ್ಟು ಹೊರಗೆ ನಡೆದುಬಿಟ್ಟ.

ಒತೀಲಿಯಾ ಮನೆಗೆ ಬಂದವಳೇ ಅಪ್ಪನ ಪೆಟ್ಟಿಗೆ ತೆರೆದಳು. ಕಿವಿಯ ಲೂಚಿಗಳು ಎರಡು ಉಳಿದಿದ್ದವು. ಒಂದು ಹತ್ತು ವರ್ಷದ ಹಿಂದಿನದು, ಇನ್ನೊಂದು ಅಪ್ಪ ಹೋಗುವ ಹಿಂದಿನ ವರ್ಷದ್ದು.

ಕಣ್ಣು ಮುಚ್ಚಿ ಬೆರಳಾಡಿಸಿದಳು. ಹಳೆಯದರಲ್ಲಿ ಆಳವಾದ, ಒರಟು ಗೀರುಗಳು. ಕೊನೆಯದರಲ್ಲಿ... ಮೂರು ಗಿಡ್ಡ, ಒಂದು ಉದ್ದ.

ಫಿದೆನ್ಸಿಯೊನ ಲೂಚಿಯಲ್ಲಿದ್ದ ಹಾಗೇ.

ಅವಳಿಗೆ ಒಂದು ಮಾತು ನೆನಪಾಯಿತು. "ಅಪ್ಪಾ, ವಯಸ್ಸಾಗ್ತಾ ನಿನ್ನ ಕೈ ಎಷ್ಟು ನಯ ಆಗಿದೆ! ಈಗಿನವೇ ನಿನ್ನ ಎಲ್ಲಕ್ಕಿಂತ ಚೆಂದದವು," ಅಂದಿದ್ದಳು ಅವಳು. ಅಪ್ಪ ಅಷ್ಟು ಕೇಳಿ ಎದ್ದುಹೋಗಿದ್ದ.

"ಅತ್ತೆ..." ಅವಳು ಕೊನೆಯ ಲೂಚಿಯನ್ನು ಮುಂದೆ ಹಿಡಿದಳು. "ಕೊನೇ ವರ್ಷಗಳಲ್ಲಿ ಅಪ್ಪನ ಕೈಗೆ ಏನಾದ್ರೂ ಆಗಿತ್ತಾ?"

ಪೆತ್ರಾ ಅತ್ತೆ ಸೆರಗಿನಂತೆ ಹೊದ್ದಿದ್ದ ಶಾಲಿನಲ್ಲಿ ಮುಖ ಒರೆಸಿಕೊಂಡಳು. "ಬಟ್ಟಲನ್ನ ಎರಡೂ ಕೈಲಿ ಹಿಡೀತಿದ್ದ ಕಣೇ. ಕೇಳಿದ್ರೆ ರೇಗ್ತಿದ್ದ. ಕೆತ್ತೋದು ಗುಡ್ಡದಲ್ಲೇ, ಮರ ಹಸಿಯಾಗಿರುವಾಗಲೇ ಅಂತ ವಾರಗಟ್ಟಲೆ ಹೋಗಿಬಿಡ್ತಿದ್ದ, ಚಾತೊನ ಕಟ್ಟಿಕೊಂಡು. ನಾನು ಅಲ್ಲಿಗೇ ಸುಮ್ಮನಾದೆ."

ಗುಡ್ಡ. ಲಾ ಪೀಲಾ. ಚಾತೊ.

ಒತೀಲಿಯಾ ಆ ಲೂಚಿಯನ್ನು ಎದೆಗವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಬಿಸಿಲೇರುವ ಹೊತ್ತಿಗೆ ಅವಳು ಲಾ ಪೀಲಾದಲ್ಲಿದ್ದಳು. ಫಿದೆನ್ಸಿಯೊ ಮನೆಯ ಮುಂದೆ ಕೊಂಬೆ ಸವರುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಕೊನೇ ಮೂರು ವರ್ಷದ ಲೂಚಿ ಎಲ್ಲ ನಿನ್ನದೇ," ಅಂದಳು ಅವಳು. ಕೇಳಲಿಲ್ಲ, ಹೇಳಿದಳು.

ಅವನು ತಲೆ ತಗ್ಗಿಸಿದ.

"ಯಾಕೆ ಹೇಳ್ಲಿಲ್ಲ? ಊರೆಲ್ಲ ಸೇರಿರುವಾಗ ನಿನ್ನ ಕಳ್ಳ ಅಂದೆನಲ್ಲೋ! ಒಂದು ಮಾತು ಆಡಬಾರದಾಗಿತ್ತಾ?"

"ಆಡಿದ್ರೆ ಏನಾಗ್ತಿತ್ತು? ಮನೆಯವರ ಕೈ ಅಲ್ಲದ್ದನ್ನ ತೋರಿಸಿದ್ರು ಅಂತ ನಿಮ್ಮ ತಳಿ ಅವತ್ತೇ ಹೋಗ್ತಿತ್ತು. ದೋನ್ ಕ್ರಿಸೋಫೊರೊ ಹೆಸರೂ ಹೋಗ್ತಿತ್ತು. ಕೈ ನಡುಗುತ್ತೆ ಅಂತ ನನ್ನ ಮಗಳಿಗೆ ಗೊತ್ತಾಗಬಾರದು ಕಣಪ್ಪ ಅಂತ ಆಣೆ ಹಾಕಿಸಿಕೊಂಡಿದ್ರು. ಕಿವಿ ಕೆತ್ತೋದು ಕಲಿಸುವಾಗ ಬಾವಿ ಹಗ್ಗದಿಂದ ಹಿಡಿದು ಮನೆ ವಿಷಯ ಎಲ್ಲ ಹೇಳ್ತಿದ್ರು. ಅವರು ಹೋದ ಸುದ್ದಿ ಬಂದಾಗ ಕೊನೇದು ನನ್ನ ಕೈಲಿ ಅರ್ಧ ಆಗಿತ್ತು. ಮುಂದೆ ಕೆತ್ತೋಕೆ ಮನಸ್ಸು ಬರ್ಲಿಲ್ಲ. ಒಣಗಿ ಸೀಳಿಹೋಯ್ತು."

"ಸಂತೆಗೆ ಯಾಕೆ ತಂದೆ?"

"ಐದನೇ ವರ್ಷ ಅಂತ ಕೇಳಿದೆ. ನೀವು ನೋಡ್ತೀರಿ, ಬೈದಾದ್ರೂ ಮಾತಾಡಿಸ್ತೀರಿ, ಆಗ ಹೇಳಿಕೊಡಬಹುದು ಅಂತ..." ಅವನು ಸ್ವಲ್ಪ ನಕ್ಕ. "ಇಷ್ಟು ಬೈತೀರಿ ಅಂದ್ಕೊಂಡಿರಲಿಲ್ಲ."

ಅವಳಿಗೆ ನಗುವೂ ಬಂತು, ಅಳುವೂ ಬಂತು.

"ಅವತ್ತು ಸಂತೇಲಿ ನನ್ನನ್ನ ಹಾಗೆ ಯಾಕೆ ನೋಡ್ದೆ?"

ಫಿದೆನ್ಸಿಯೊ ಕೈಯಲ್ಲಿದ್ದ ಕೊಂಬೆ ಕೆಳಗಿಟ್ಟ.

"ನಾನು ಬರೀ ಮರ ಕೆತ್ತಿ ಕಳಿಸ್ತಿದ್ದೆ. ಆಮೇಲೆ ಭಾನುವಾರ ಮೂರು ಗಂಟೆ ನಡೆದು ಸಂತೆಗೆ ಬರ್ತಿದ್ದೆ, ನೀವು ಅದಕ್ಕೆ ಏನು ಬಣ್ಣ ಹಚ್ಚಿದ್ದೀರಿ ನೋಡೋಕೆ. ದೂರ ನಿಂತು ನೋಡಿ ವಾಪಸ್ಸು ಹೋಗ್ತಿದ್ದೆ. ಮೂರು ವರ್ಷ... ಮೊದಮೊದಲು ಬಣ್ಣ ನೋಡೋಕೆ ಬರ್ತಿದ್ದೆ. ಆಮೇಲೆ ಬಣ್ಣ ಹಚ್ಚಿದವಳನ್ನ."

ಅವಳ ಕೆನ್ನೆ ಕೆಂಪಾಯಿತು. ಮೂರು ವರ್ಷ ಇಬ್ಬರೂ ಸೇರಿ ಒಂದೊಂದು ಜೀವಕ್ಕೆ ರೂಪ ಕೊಟ್ಟಿದ್ದರು, ಒಬ್ಬರಿಗೊಬ್ಬರು ಒಂದು ಮಾತೂ ಆಡದೆ.

"ಹಾಗಾದ್ರೆ..." ಅವಳು ಧೈರ್ಯ ತಂದುಕೊಂಡಳು. "ನನ್ನ ಮದುವೆಯಾಗು. ಆಗ ನಿನ್ನ ಕೈ ನಮ್ಮನೆ ಕೈ ಆಗುತ್ತೆ. ತಳಿ ಉಳಿಯುತ್ತೆ."

ಅವನ ಮುಖ ಒಂದು ಕ್ಷಣ ಬೆಳಗಿತು. ಮತ್ತೆ ಆರಿತು.

"ಬೇಡ."

"ಬೇಡವಾ?!"

"ಲೂಚಿಗೋಸ್ಕರ ಇವನು ಕಟ್ಟಿಕೊಂಡ ಅಂತ ಊರು ಅನ್ನುತ್ತೆ. ಅನ್ನಲಿ ಬಿಡಿ. ಆದ್ರೆ ಒಂದು ದಿನ ಜಗಳ ಆಗುತ್ತಲ್ಲ, ಅವತ್ತು ನಿಮಗೂ ಹಾಗನ್ನಿಸುತ್ತೆ. ನಿಮ್ಮ ಅನುಮಾನ ನಂಗೆ ಚೆನ್ನಾಗಿ ಗೊತ್ತು." ಅವನು ತನ್ನ ಚಾಕುವನ್ನು ಹಿಡಿ ಮುಂದೆ ಮಾಡಿ ಚಾಚಿದ. "ಏಳು ದಿನ ಇದೆ. ನೀವೇ ಕೆತ್ತಿ."

ಆ ಏಳು ದಿನ ಅವಳು ದಿನಾ ಗುಡ್ಡ ಹತ್ತಿದಳು, ಅತ್ತೆಯನ್ನೂ ಕರೆದುಕೊಂಡು. ಮೊದಲ ಎರಡು ದಿನ ಚಾಕು ಮುಟ್ಟಿಸಲೇ ಇಲ್ಲ ಅವನು. ಬರೀ ಮರ ಹುಡುಕಾಟ!

"ಎಲ್ಲರೂ ಕಿವಿ ಮಾಡಿ, ಅದರೊಳಗೆ ಇನ್ನೊಂದನ್ನ ಕೊರೆಯೋಕೆ ಹೋಗ್ತಾರೆ. ಅದು ಆಗೋ ಮಾತಲ್ಲ. ಎಳೆ ಚಿಗುರೊಂದು ಒಳಗೇ ಉಳಿದು ಗಂಟಾಗಿರೋ ಕೊಂಬೆ ಬೇಕು. ಆ ಗಂಟೇ ಒಳಗಿನ ಕಿವಿ. ಅದನ್ನ ಮೊದಲು ಬಿಡಿಸಬೇಕು, ಹೊರಗಿನದು ಆಮೇಲೆ. ನೂರು ಕೊಂಬೆಗೆ ಒಂದು ಸಿಗುತ್ತೆ. ಅದಕ್ಕೇ ಅದು ಅಪರೂಪ."

ಮೂರನೆಯ ದಿನ ಆ ಕೊಂಬೆ ಸಿಕ್ಕಿತು. ಸಿಕ್ಕಿದ್ದು ಅವಳಿಗೇ. ಎರಡು ಸಲ ಬೆರಳು ಕುಯ್ದುಕೊಂಡಳು. ಅವನು ಬಟ್ಟೆ ಸುತ್ತಿದನೇ ಹೊರತು ಚಾಕು ತಾನು ತೆಗೆದುಕೊಳ್ಳಲಿಲ್ಲ. ಏಳನೆಯ ದಿನದ ಮಧ್ಯಾಹ್ನ ಕಿವಿಯೊಳಗಿನ ಕಿವಿ ಹೊರಗೆ ಬಂತು.

ಹುಟ್ಟು ತೋರಿಸುವ ದಿನ ಬಣ್ಣ ಬೇಕಿಲ್ಲ, ಬರಿಯ ಮರ ಸಾಕು. ಜಗುಲಿಯ ತುಂಬ ಜನ. ಒತೀಲಿಯಾ ತನ್ನ ಲೂಚಿಯನ್ನು ಹಸಿಂತಾಳ ಮುಂದಿಟ್ಟಳು.

"ಕೆತ್ತಿದ್ದು ಯಾರು?"

"ನಾನು."

ಗಂಡಸರ ಸಾಲಿನಲ್ಲಿ ಗುಸುಗುಸು ಎದ್ದಿತು. ಅವಳು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಜನರ ಹಿಂದೆ ಫಿದೆನ್ಸಿಯೊ ನಿಂತಿದ್ದ. ಎಲ್ಲರ ಮುಂದೆ ಕಳ್ಳ ಅನ್ನಿಸಿಕೊಂಡವನು ಅವನು. ನಿಜವನ್ನೂ ಎಲ್ಲರ ಮುಂದೆಯೇ ಹೇಳಬೇಡವೇ?

"ಇನ್ನೊಂದು ಮಾತಿದೆ ಅಜ್ಜಿ. ಕೊನೇ ಮೂರು ವರ್ಷ ನಮ್ಮನೆಯಿಂದ ಬಂದದ್ದು ಅಪ್ಪನ ಕೈಯದ್ದಲ್ಲ. ಅಪ್ಪನ ಕೈ ಬಿದ್ದುಹೋಗಿತ್ತು. ಕೆತ್ತಿದ್ದು ಫಿದೆನ್ಸಿಯೊ. ನನಗೆ ಗೊತ್ತಿರಲಿಲ್ಲ. ಅವನು ಕಳ್ಳ ಅಲ್ಲ... ನಮ್ಮನೆ ಮಾನ ಕಾಪಾಡಿದವನು."

"ಬೇಡ!" ಅಂತ ಹಿಂದಿನಿಂದ ಫಿದೆನ್ಸಿಯೊ ಕೂಗಿದ್ದು ಗದ್ದಲದಲ್ಲಿ ಮುಳುಗಿತು.

ಬಸೀಲಿಯೊ ಜಿಗಿದೆದ್ದ. "ಕೇಳಿದ್ರಾ? ಹಾಗಾದ್ರೆ ಐದಲ್ಲ, ಎಂಟು ವರ್ಷ ಆಯ್ತು! ಲೂಚಿ ಊರಿಗೆ ಸೇರಿತು!"

ಹಸಿಂತಾ ಕೈಯೆತ್ತಿದಳು. ಲೂಚಿಯನ್ನು ಎತ್ತಿ, ಕಿವಿಯೊಳಗೆ ಕಿರುಬೆರಳು ಹಾಕಿ ತಿರುವಿದಳು.

"ಕಿವಿ ಸೊಟ್ಟ ಇದೆ," ಅಂದಳು ಮುದುಕಿ.

"ಹೌದು ಅಜ್ಜಿ."

"ಆದ್ರೆ ಅಂಟಿಸಿದ್ದಲ್ಲ." ಅವಳು ಬಸೀಲಿಯೊನತ್ತ ತಿರುಗಿದಳು. "ಐದು ವರ್ಷದ ಲೆಕ್ಕ ಇರೋದು ಕೆತ್ತೋದು ಮರೆತ ಮನೆಗೆ ಕಣಯ್ಯಾ. ಇವಳ ಬೆರಳು ನೋಡು, ಎಷ್ಟು ಬಟ್ಟೆ ಸುತ್ತಿಕೊಂಡಿದ್ದಾಳೆ. ಇದು ಮರೆತವರ ಕೈಯಾ? ಕ್ರಿಸೋಫೊರೊ ಮುಚ್ಚಿಟ್ಟದ್ದು ತಪ್ಪು. ಅದನ್ನ ಅವನ ಮಗಳೇ ಬಿಚ್ಚಿ ತೊಳೆದಳು. ಲೂಚಿ ಇವಳದ್ದೇ. ಸುಮ್ನೆ ಕೂತ್ಕೋ."

ಪೆತ್ರಾ ಅತ್ತೆ ಅಳುತ್ತಾ ಎಲ್ಲರನ್ನೂ ತಬ್ಬಿಕೊಂಡಳು, ಬಸೀಲಿಯೊನನ್ನೂ ಬಿಡಲಿಲ್ಲ!

ಜನ ಊಟಕ್ಕೆ ಚದುರಿದ ಮೇಲೆ ಜಗುಲಿಯ ಕಂಬದ ಹತ್ತಿರ ಫಿದೆನ್ಸಿಯೊ ಒಬ್ಬನೇ ಉಳಿದಿದ್ದ. ಒತೀಲಿಯಾ ಅವನ ಎದುರು ಹೋಗಿ ನಿಂತಳು.

"ತಳಿ ನನ್ನದಾಯ್ತು. ಕಿವಿ ಕೆತ್ತೋದೂ ಬಂತು. ಈಗ ನಿನ್ನಿಂದ ನನಗೆ ಆಗಬೇಕಾದ ಕೆಲಸ ಒಂದೂ ಇಲ್ಲ."

"ಹೌದು," ಅಂದ ಅವನು, ಸಣ್ಣ ದನಿಯಲ್ಲಿ.

"ನಿಂಗೂ ಅಷ್ಟೇ. ನನ್ನ ಕಟ್ಟಿಕೊಂಡ್ರೆ ಸಿಗೋದು ನಾನೊಬ್ಬಳೇ. ಅದೂ ಅನುಮಾನದ ಪಿಶಾಚಿ."

ಫಿದೆನ್ಸಿಯೊ ತಲೆಯೆತ್ತಿದ. ಅವನ ಕಣ್ಣು ತುಂಬಿ ಬಂದಿತ್ತು. "ಇಷ್ಟು ದಿನ ಕಾದದ್ದೇ ಇದಕ್ಕೆ... ಒತೀಲಿಯಾ, ನನ್ನ ಮದುವೆಯಾಗ್ತೀಯಾ?"

ಮೊದಲ ಸಲ ಅವನು ಅವಳನ್ನು ಏಕವಚನದಲ್ಲಿ ಕರೆದಿದ್ದ. ಅವಳು ಬಟ್ಟೆ ಸುತ್ತಿದ ಬೆರಳುಗಳನ್ನು ಅವನ ಅಂಗೈಯಲ್ಲಿಟ್ಟಳು.

"ಯಾಕೆ ಅಂತ ಕೇಳಬಹುದಾ? ಅಥವಾ ಅದನ್ನೂ ಹೇಳೋ ಹಾಗಿಲ್ವಾ?"

"ಹೇಳ್ತೀನಿ. ನೀನಿಲ್ಲದೆ ನಂಗೆ ಆಗಲ್ಲ. ಅಷ್ಟೇ."

ಅವಳು ಅವನ ಕಣ್ಣನ್ನೇ ದಿಟ್ಟಿಸಿ ನೋಡಿದಳು. ಹುಡುಕಿದಳು. ಎಷ್ಟು ಹುಡುಕಿದರೂ ಅನುಮಾನ ಪಡುವಂಥದ್ದು ಏನೂ ಸಿಗಲಿಲ್ಲ.

"ನಂಬಿದೆ ಕಣೋ," ಅಂದಳು ಒತೀಲಿಯಾ.